ಎತ್ತಬೇಡಣ್ಣ ಎಂದವಳು

ಗುರುವಾರ ಬೆಳಗ್ಗೆ ಅಮ್ಮಾಜಮ್ಮ ಎಂದಿನಂತೆ ಐದಕ್ಕೆ ಎದ್ದಳು. ಎರಡು ಹಸುಗಳ ಹಾಲು ಕರೆದಳು. ಒಲೆಯ ಮೇಲೆ ನೀರು ಕಾಯಿಸಿ, ಹಳೆಯ ಟವಲ್ಲನ್ನು ಅದರಲ್ಲಿ ಅದ್ದಿ ಹಿಂಡಿ, ಗಂಡನ ಮಂಡಿಗೆ ಸುತ್ತಿದಳು. ಮೊದಲು ಬಲಮಂಡಿ, ಆಮೇಲೆ ಎಡ. ಬಿಸಿ ಆರುವಷ್ಟರಲ್ಲಿ ಇನ್ನೊಂದು ಟವಲ್ಲನ್ನು ಅವನ ಅಂಗಾಲಿಗೆ ಹಾಕಿ ಮೆಲ್ಲಗೆ ಎಳೆದಳು. ಇಪ್ಪತ್ತು ಎಣಿಸುವವರೆಗೆ ಎಳೆದು ಹಿಡಿಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಬೆಂಗಳೂರಿನ ಡಾಕ್ಟರು ಹೇಳಿಕೊಟ್ಟದ್ದು. ಮಾಡದಿದ್ದರೆ ಹಿಮ್ಮಡಿ ನೆಲಕ್ಕೆ ತಾಗುವುದೇ ನಿಂತುಹೋಗುತ್ತದೆ ಎಂದಿದ್ದರು.

"ನೀನು ಎಳೆಯೋ ಎಳೆತಕ್ಕೆ ನಾನು ಅರ್ಧ ಅಡಿ ಉದ್ದ ಆಗಿದ್ದೀನಿ ಅಮ್ಮಾಜಿ. ಲುಂಗಿ ಸಾಲಲ್ಲ ಇನ್ಮೇಲೆ."

"ಸುಮ್ನಿರು ಮಾವ. ಎಣಿಸೋದು ತಪ್ತದೆ."

ಮುನಿನಾರಾಯಣಪ್ಪ ಅವಳಿಗೆ ತಾಯಿಯ ತಮ್ಮ. ಹದಿನೆಂಟಕ್ಕೆ ಅವಳನ್ನು ಅವನಿಗೇ ಕೊಟ್ಟರು. ಮದುವೆಗೆ ಮುಂಚೆಯೂ ಮಾವ, ಆಮೇಲೂ ಮಾವ. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದ. ನಲವತ್ತು ದಾಟಿದ ಮೇಲೆ ಮಿಷನ್ ತುಳಿಯುವಾಗ ತೊಡೆ ಸೋಲತೊಡಗಿತು. ಸ್ಟೇಷನ್ನಿನ ಮೇಲುಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತುತ್ತಿದ್ದವನು, ಒಂದು ದಿನ ಹತ್ತಲಾರದೆ ಮೊದಲ ಮೆಟ್ಟಿಲ ಮೇಲೇ ಕೂತುಬಿಟ್ಟ. ಕೂತವನಿಗೆ ಏಳಲು ಬರಲಿಲ್ಲ. ಒಂದು ಕೈ ಮಂಡಿಗೆ, ಇನ್ನೊಂದು ಕೈ ತೊಡೆಗೆ ಊರಿ, ತನ್ನ ಮೈಯನ್ನು ತಾನೇ ಹತ್ತಿದಂತೆ ಏಳಬೇಕಾಯಿತು.

ಮಾಂಸಖಂಡ ಸವೆಯುವ ಕಾಯಿಲೆ ಎಂದರು ಡಾಕ್ಟರು. ವಾಸಿಮಾಡುವ ಔಷಧಿ ಇಲ್ಲ, ಆದರೆ ನಿಭಾಯಿಸಬಹುದು. ಸುಸ್ತಾಗುವ ಮುಂಚೆಯೇ ಕೂರಬೇಕು. ಕೀಲುನೋವಿಗೆ ಬಿಸಿ ಶಾಖ ಕೊಡಬೇಕು. ಕೂರುವ ಜಾಗ ಎತ್ತರವಿರಬೇಕು. ಮನೆಯಾಚೆ ಹೋದರೆ ವಾಕರ್ ಹಿಡಿದೇ ಹೋಗಬೇಕು, ಬೀಳಬಾರದು. ಇಷ್ಟು ಹೇಳಿ, "ಸಂಬಂಧದಲ್ಲಿ ಮದುವೆಯಾ?" ಎಂದು ಕೇಳಿದರು. ಅಮ್ಮಾಜಮ್ಮ ತಲೆಯಾಡಿಸಿದಳು. "ರಕ್ತದಲ್ಲಿ ಬರೋದು ಇದು. ನಿಮ್ಮ ಮಗಳನ್ನೂ ಒಂದು ಸಲ ತೋರಿಸಿ," ಎಂದರು.

ಅವಳು ಮಗಳನ್ನು ತೋರಿಸಲಿಲ್ಲ. ಆ ಮಾತನ್ನು ಊರಿಗೆ ತರಲೂ ಇಲ್ಲ.

ಮನೆಯೊಳಗೆ ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದಳು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳು. ಶಾಖ ಕೊಟ್ಟಳು, ಕಾಲು ಎಳೆದಳು. ಬೆಂಗಳೂರಿನಿಂದ ತಂದಿದ್ದ ವಾಕರನ್ನು ಮಾತ್ರ ರಾಗಿ ಡ್ರಮ್ಮಿನ ಹಿಂದೆ ನಿಲ್ಲಿಸಿ ಮೇಲೆ ಗೋಣಿಚೀಲ ಹೊದಿಸಿದಳು.

ಊರು ಕ್ಯಾಸಂಬಳ್ಳಿ ರಸ್ತೆಯಲ್ಲಿದೆ. ಅಂಗಡಿ ಮುಚ್ಚಿದ ಮೇಲೆ ಅವನಿಗೆ ಉಳಿದಿದ್ದ ಕೆಲಸ ಒಂದೇ, ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಿಬರುವುದು. ಇನ್ನೂರು ಹೆಜ್ಜೆ ಆಗಬಹುದು. ಹೊಟ್ಟೆ ಮುಂದಕ್ಕೆ ಹಾಕಿ, ಸೊಂಟ ಆ ಕಡೆ ಈ ಕಡೆ ತೂಗಾಡಿಸುತ್ತ ನಡೆಯುತ್ತಿದ್ದ. ಒಂದು ಸಲ ಡೈರಿಯ ಮುಂದೆಯೇ ಬಿದ್ದ. ಡೈರಿಯಲ್ಲಿ ಹಾಲು ಅಳೆಯುವ ರಾಮಚಂದ್ರಪ್ಪ ಅವಳನ್ನು ಕೇಳಿದ್ದ.

"ಏನ್ ಅಮ್ಮಾಜಕ್ಕ, ನಾರಾಯಣಪ್ಪ ಒತ್ತಾರೇನೇ ಆಕ್ಕೊಂಡವ್ನಾ?"

ಅವಳಿಗೆ ಮದುವೆಗೆ ಬರುತ್ತಿದ್ದ ಮಗಳ ನೆನಪಾಯಿತು. ಪುಷ್ಪಳಿಗೆ ಈಗ ಇಪ್ಪತ್ತೆರಡು ವರ್ಷ. ಬಂಗಾರಪೇಟೆಯ ಮೆಡಿಕಲ್ ಶಾಪಿನಲ್ಲಿ ಕೆಲಸ. ಕುಡುಕನ ಮಗಳನ್ನು ಈ ಸೀಮೆಯಲ್ಲಿ ಯಾರೂ ಬೇಡ ಎನ್ನುವುದಿಲ್ಲ, ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. ರಕ್ತದಲ್ಲಿ ಕಾಯಿಲೆ ಎಂದರೆ ಹೊಸ್ತಿಲೂ ತುಳಿಯುವುದಿಲ್ಲ.

"ಏನ್ ಮಾಡೋದಣ್ಣ, ಏಳಿದ್ರೆ ಕೇಳಲ್ಲ," ಎಂದಳು.

ಆವತ್ತಿನಿಂದ ಅದೇ ನಡೆಯಿತು. ಅವನು ಎಡವಿದ ದಿನ ಬಾಗಿಲಲ್ಲಿ ನಿಂತು ನಾಲ್ಕು ಮನೆಗೆ ಕೇಳುವಂತೆ ಬೈಯುತ್ತಿದ್ದಳು. ಒಳಗೆ ಬಂದು ಬಾಗಿಲು ಹಾಕಿಕೊಂಡು ಮಂಡಿಗೆ ಶಾಖ ಕೊಡುತ್ತಿದ್ದಳು. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ. ಮೊದಮೊದಲು ನಗುತ್ತಿದ್ದ.

"ಕುಡೀದೇನೇ ಇಷ್ಟು ಎಸ್ರು ಮಾಡ್ಕೊಂಡೆ. ಕುಡಿದಿದ್ರೆ ಎಲೆಕ್ಷನ್‌ಗೆ ನಿಲ್ಲಿಸ್ತಿದ್ರೇನೋ."

ಆಮೇಲಾಮೇಲೆ ನಗುವುದನ್ನು ಬಿಟ್ಟ. ಬೇಡ ಎಂದು ಮಾತ್ರ ಹೇಳಲಿಲ್ಲ.

ಇನ್ನೊಂದು ಕೆಲಸವನ್ನೂ ಅವಳು ಮಾಡಿದ್ದಳು. ಒಂದು ಬೆಳಗ್ಗೆ ಡೈರಿಗೆ ಹೋಗಿ ರಾಮಚಂದ್ರಪ್ಪನ ಹತ್ತಿರ ಹೇಳಿದ್ದಳು. "ಅಣ್ಣ, ಅವ್ರು ಎಲ್ಲಾದ್ರೂ ಬಿದ್ದಿದ್ರೆ ಎತ್ತಬೇಡಿ. ಎತ್ತಿ ಎತ್ತಿ ಅಭ್ಯಾಸ ಆಗ್ತದೆ. ಬಿದ್ದಿರ್ಲಿ, ಬುದ್ಧಿ ಬರ್ಲಿ. ನಾನೇ ಬಂದು ಕರ್ಕೊಂಡೋಗ್ತೀನಿ."

"ನೀನು ಏಳೋದೂ ಸರೀನೇ ಅಕ್ಕ," ಎಂದಿದ್ದ ಅವನು. ಡೈರಿಗೆ ಬರುವವರಿಗೆಲ್ಲ ಹೇಳಿದ್ದ.

ಎತ್ತಿದರೆ ಬಾಯಲ್ಲಿ ವಾಸನೆ ಇಲ್ಲದ್ದು ತಿಳಿಯುತ್ತದೆ. ಲುಂಗಿಯೊಳಗೆ ತೊಡೆ ಕಡ್ಡಿಯಾಗಿರುವುದು ಕೈಗೆ ಸಿಗುತ್ತದೆ. ಅವಳ ಭಯ ಅದು.

ಆ ಗುರುವಾರ ಅವನು ಡೈರಿಗೆ ಹೋಗಿ ಬಂದು ಮಂಚದ ಮೇಲೆ ಕೂತ. ಈಚೆಗೆ ತೋಳಿಗೂ ಕಾಯಿಲೆ ಏರಿತ್ತು, ಕ್ಯಾನು ಹಿಡಿದ ಹೆಗಲನ್ನು ನೀವಿಕೊಂಡ.

"ಮೋರಿ ಮೇಲಿನ ಚಪ್ಪಡಿ ಪಾಚಿ ಕಟ್ಟದೆ ಅಮ್ಮಾಜಿ. ಇವತ್ತು ಕಾಲು ಜಾರ್ತು, ಅಂಗೋ ಇಂಗೋ ನಿಂತ್ಕೊಂಡೆ. ನಾಳೆಯಿಂದ ಆ ವಾಕರ್ ಕೊಡು."

"ಭಾನುವಾರ ಕಳೀಲಿ ಮಾವ."

ಭಾನುವಾರ ಬೇತಮಂಗಲದಿಂದ ಗಂಡಿನವರು ಬರುವವರಿದ್ದರು, ಪುಷ್ಪಳಿಗೆ ಹೂವು ಮುಡಿಸಲು. ಹುಡುಗನ ತಾಯಿ ಮುನಿರತ್ನಮ್ಮ ಹಿಂದಿನ ವಾರವೇ ಬಂದು ಮನೆ ನೋಡಿ ಹೋಗಿದ್ದಳು.

"ಮೂರು ದಿನ ತಾನೆ," ಎಂದಳು ಅಮ್ಮಾಜಮ್ಮ. "ಆಮೇಲೆ ವಾಕರ್ ಇಡ್ಕೊಂಡು ಊರೆಲ್ಲ ಮೆರವಣಿಗೆ ಓಗು."

"ಸರಿ ಬಿಡು," ಎಂದ ಅವನು. ಮಧ್ಯಾಹ್ನ ಮಗಳ ರವಿಕೆಗೆ ಕೈಯಲ್ಲೇ ಹೆಮ್ಮಿಂಗ್ ಹಾಕಿದ. ಸಂಜೆ ಮುದ್ದೆ, ಹುರುಳಿಕಾಳು ಸಾರು ಉಂಡ. ಉಪ್ಪು ಕಮ್ಮಿ ಎಂದ. ಹೇಳುವಂಥದ್ದು ಮತ್ತೇನೂ ಆ ದಿನ ಇಲ್ಲ.

ಶುಕ್ರವಾರ ಬೆಳಗ್ಗೆ ಆರೂಕಾಲಿಗೆ ಕ್ಯಾನು ಹಿಡಿದು ಹೋದ. ಏಳಾದರೂ ಬರಲಿಲ್ಲ. ಅವಳು ಸೆಗಣಿ ಬಾಚಿ ಮುಗಿಸಿದಳು. ಎಲ್ಲೋ ಕಟ್ಟೆಯ ಮೇಲೆ ಕೂತಿರಬೇಕು ಅಂದುಕೊಂಡಳು. ಏಳೂಕಾಲಿಗೆ ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಮೋರಿಯ ಹತ್ತಿರ ಕ್ಯಾನು ಉರುಳಿತ್ತು, ಹಾಲು ಮಣ್ಣಿಗೆ ಇಳಿದಿತ್ತು. ಅವನು ಚಪ್ಪಡಿಯಿಂದ ಜಾರಿ ಮೋರಿಗೆ ಕವುಚಿ ಬಿದ್ದಿದ್ದ. ಡೈರಿಯಲ್ಲಿ ಕ್ಯಾನು ತೊಳೆದ ನೀರು ಅಲ್ಲಿ ನಿಲ್ಲುತ್ತದೆ. ಗೇಣು ಆಳವೂ ಇಲ್ಲ, ಆದರೆ ಅವನ ಮೂಗು ಬಾಯಿ ಅದರೊಳಗಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈ ಊರಿ ಏಳುತ್ತಿದ್ದರು. ಅವನ ತೋಳಿನಲ್ಲಿ ಬಿದ್ದ ಮೈಯನ್ನು ಎತ್ತುವಷ್ಟು ಬಲ ಇರಲಿಲ್ಲ.

ಮೋರಿಯಿಂದ ಹೊರಗೆ ಚಾಚಿದ್ದ ಅವನ ಕಾಲನ್ನಷ್ಟೇ ನೋಡಿ ಹನ್ನೆರಡು ಜನ ದಾಟಿಹೋಗಿದ್ದರು. ಆಮೇಲೆ ಅವರೇ ಒಬ್ಬೊಬ್ಬರಾಗಿ ಹೇಳಿದರು. ರಾಮಚಂದ್ರಪ್ಪ ಡೈರಿಯ ಬಾಗಿಲಿಂದಲೇ ಕಾಲು ಕಂಡಿದ್ದ. "ಮಲಗವ್ನೆ, ಎದ್ದು ಬತ್ತಾನೆ ಬಿಡ್ರಿ, ಅಮ್ಮಾಜಕ್ಕ ಬತ್ತಾಳೆ," ಎಂದು ಹಾಲು ಅಳೆದಿದ್ದ.

ಅಮ್ಮಾಜಮ್ಮ ಅವನನ್ನು ಅಂಗಾತ ಹೊರಳಿಸಿದಳು, ಉಸಿರು ಇರಲಿಲ್ಲ. ಅವನ ಮುಖದ ಕೆಸರನ್ನು ಸೆರಗಿನಿಂದ ಒರೆಸಿದಳು. ಅಷ್ಟು ಜನ ನಿಂತಿದ್ದಾಗಲೂ ಅವಳ ಇನ್ನೊಂದು ಕೈ ಲುಂಗಿಯನ್ನು ಎಳೆದು ಅವನ ತೊಡೆಯನ್ನು ಮುಚ್ಚಿತು. ಅದು ಅವಳಿಗೆ ಇವತ್ತಿಗೂ ನೆನಪಿದೆ. ಆಗಲೂ ಅವಳು ಮುಚ್ಚಿಡುತ್ತಲೇ ಇದ್ದಳು.

ಮೂರನೇ ದಿನ ಹಾಲುತುಪ್ಪ. ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಗುಂಡಿಯ ಮೇಲೆ ಎಡೆ ಇಡುವುದು ಪದ್ಧತಿ. ಮುದ್ದೆ, ಸಾರು, ವಡೆ, ಬೀಡಿ ಸೇದುವವರಿಗೆ ಬೀಡಿ. ರಾಮಚಂದ್ರಪ್ಪ ಷರ್ಟಿನ ಜೇಬಿನಿಂದ ಒಂದು ಬ್ರಾಂದಿ ಪ್ಯಾಕೆಟ್ ತೆಗೆದು ಎಲೆಯ ತುದಿಗೆ ಇಟ್ಟ. ಕೈ ಮುಗಿದ. "ತಕ್ಕೋಪ್ಪಾ, ಯಾರೂ ಬಯ್ಯಲ್ಲ ಇನ್ಮೇಲೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಪ್ರೀತಿಯಿಂದಲೇ ತಂದಿದ್ದ.

ಪುಷ್ಪ ತಾಯಿಯ ಮುಖ ನೋಡಿದಳು. ಅಮ್ಮಾಜಮ್ಮ ನೆಲ ನೋಡಿದಳು. ಬೇತಮಂಗಲದವರು ಅಲ್ಲೇ ನಿಂತಿದ್ದರು. ಎಲ್ಲರೂ ಹಿಂದೆ ಸರಿದರು, ಕಾಗೆ ಬಂತು. ವಡೆ ಕಚ್ಚಿಕೊಂಡು ಹೋಯಿತು. ಪ್ಯಾಕೆಟ್ಟು ಅಲ್ಲೇ ಇತ್ತು.

ಮನೆಗೆ ಬಂದ ಮೇಲೆ ಪುಷ್ಪ ಕೇಳಿದಳು.

"ಅಪ್ಪನ ಮೇಲೆ ಅದನ್ನ ಇಟ್ರೂ ಸುಮ್ನೆ ಇದ್ದೆ ಅಲ್ಲಮ್ಮ."

"ನಿನಗೋಸ್ಕರ ಕಣೇ."

"ನನ್ನನ್ನ ಯಾರು ಕೇಳಿದ್ರು? ಅಪ್ಪನ್ನಾದ್ರೂ ಕೇಳಿದ್ಯಾ? ಆ ಡಾಕ್ಟ್ರ ಚೀಟಿ ಓದೋಕೆ ನನಗೆ ಬರಲ್ಲ ಅಂದ್ಕೊಂಡ್ಯಾ? ಮೂರು ವರ್ಷದಿಂದ ಗೊತ್ತು ನಂಗೆ, ರಕ್ತದಲ್ಲಿ ಬರೋದು ಅಂತ."

ಆ ಮೂರು ವರ್ಷ ಮಗಳೂ ತಾಯಿಯ ಸುಳ್ಳನ್ನು ಕಾಯ್ದುಕೊಂಡು ಬಂದಿದ್ದಳು. ಆಮೇಲಿನ ಎಂಟು ದಿನ ಇಬ್ಬರೂ ಒಟ್ಟಿಗೆ ಉಣ್ಣಲು ಕೂತರೂ ಮಾತಾಡಲಿಲ್ಲ. ಬೆಳಗ್ಗೆ ಅಭ್ಯಾಸಬಲದಿಂದ ಅಮ್ಮಾಜಮ್ಮ ನೀರು ಕಾಯಿಸುತ್ತಿದ್ದಳು. ಟವಲ್ ಕೈಗೆ ತೆಗೆದುಕೊಂಡ ಮೇಲೆ ನೆನಪಾಗುತ್ತಿತ್ತು.

ಹನ್ನೊಂದನೇ ದಿನ ತಿಥಿ. ಮನೆಯ ಮುಂದೆ ಚಪ್ಪರ. ಒಳಗೆ ಅವನ ಫೋಟೋ, ಮುಂದೆ ಎಲೆ. ಊರವರು ಬಂದಿದ್ದರು, ಮುನಿರತ್ನಮ್ಮನೂ ಬಂದಿದ್ದಳು. ರಾಮಚಂದ್ರಪ್ಪ ಮತ್ತೆ ಜೇಬಿಗೆ ಕೈ ಹಾಕಿದ.

"ಬೇಡಣ್ಣ," ಎಂದಳು ಅಮ್ಮಾಜಮ್ಮ.

"ಇರ್ಲಿ ಬಿಡಕ್ಕ. ಸತ್ತ ಮೇಲೂ ಕಟ್ಟುನಿಟ್ಟಾ?" ಯಾರೋ ನಕ್ಕರು.

"ಅವ್ರು ಕುಡೀತಿರ್ಲಿಲ್ಲ."

ಅವಳು ರಾಗಿ ಡ್ರಮ್ಮಿನ ಹಿಂದಕ್ಕೆ ಹೋಗಿ ಗೋಣಿಚೀಲ ತೆಗೆದು ವಾಕರನ್ನು ಎತ್ತಿಕೊಂಡು ಬಂದಳು. ಅದರ ಕಾಲುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕೂ ಹಾಗೇ ಇತ್ತು. ಎಲೆಯ ಪಕ್ಕ ನಿಲ್ಲಿಸಿದಳು.

"ಒಂದು ತೊಟ್ಟೂ ಕುಡಿದಿಲ್ಲ ಅವ್ರು. ಕಾಲಿನ ಮಾಂಸ ಕರಗೋ ಕಾಯಿಲೆ ಅವ್ರಿಗೆ. ಎಂಟು ವರ್ಷದಿಂದ. ರಕ್ತದಲ್ಲಿ ಬರೋದು ಅಂದ್ರು ಡಾಕ್ಟ್ರು. ಮಗಳ ಮದುವೆ ನಿಂತೋಗ್ತದೆ ಅಂತ ಕುಡುಕ ಅಂದೆ. ನಾನೇ ಅಂದೆ. ನೀವು ಎತ್ತದಂಗೆ ಮಾಡಿದ್ದೂ ನಾನೇ."

ರಾಮಚಂದ್ರಪ್ಪ ಪ್ಯಾಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಅಲ್ಲಿಂದ ನಂಗೆ ಕಾಲು ಕಾಣಿಸ್ತಿತ್ತಕ್ಕ," ಎಂದ. "ಇಪ್ಪತ್ತು ಹೆಜ್ಜೆ. ನೀನು ಬೇಡ ಅಂದಿದ್ದೆ ಅಂತ..." ಹೊರಗೆ ಹೋಗಿ ಚಪ್ಪರದ ಕಂಬ ಹಿಡಿದು ನಿಂತ.

ಮುನಿರತ್ನಮ್ಮ ಊಟಕ್ಕೆ ಕೂತಳು. ತಿಥಿ ಊಟ ಬಿಟ್ಟು ಹೋಗಬಾರದೆಂದು ಉಂಡಳು. ಕೈ ತೊಳೆಯುವಾಗ ಅಮ್ಮಾಜಮ್ಮನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು.

"ಕುಡುಕನ ಮನೆ ಅಂತ ಗೊತ್ತಿದ್ದೇ ಬಂದಿದ್ವಮ್ಮ. ನಮ್ಮನೇಲೂ ಅವ್ನೆ ಒಬ್ಬ. ಇದು ಗೊತ್ತಿದ್ರೆ ಬತ್ತಿರ್ಲಿಲ್ಲ. ತಪ್ಪು ತಿಳ್ಕೋಬೇಡ."

"ನೀವು ಏಳಿದ್ರಲ್ಲಿ ತಪ್ಪೇನೈತೆ," ಎಂದಳು ಅಮ್ಮಾಜಮ್ಮ.

ಮುಂದಿನ ತಿಂಗಳು ತಾಯಿ ಮಗಳು ರೈಲು ಹತ್ತಿ ಬೆಂಗಳೂರಿಗೆ ಹೋದರು. ಡಾಕ್ಟರು ಪುಷ್ಪಳನ್ನು ನೆಲದ ಮೇಲೆ ಕೂರಿಸಿ ಏಳು ಎಂದರು. ಅವಳು ಎಲ್ಲಿಯೂ ಕೈ ಊರದೆ ಎದ್ದಳು. ರಕ್ತ ತೆಗೆದುಕೊಂಡರು. ವರದಿ ಬರಲು ಆರು ವಾರ ಬೇಕು ಎಂದರು. ನಾರಾಯಣಪ್ಪ ಹೇಗಿದ್ದಾರೆ ಎಂದು ಕೇಳಿದರು. ಅಮ್ಮಾಜಮ್ಮ ಹೇಳಿದಳು. "ವಾಕರ್ ಹಿಡಿದಿರಲಿಲ್ಲವಾ?" ಎಂದರು. ಬರುವಾಗ ರೈಲಿನಲ್ಲಿ ಪುಷ್ಪ ಕಡಲೆಕಾಯಿ ಕೊಂಡು ಅರ್ಧವನ್ನು ತಾಯಿಯ ಮಡಿಲಿಗೆ ಹಾಕಿದಳು.

ಈಗ ಹಾಲನ್ನು ಅಮ್ಮಾಜಮ್ಮನೇ ಡೈರಿಗೆ ಒಯ್ಯುತ್ತಾಳೆ. ರಾಮಚಂದ್ರಪ್ಪ ತಲೆ ತಗ್ಗಿಸಿ ಅಳೆಯುತ್ತಾನೆ. ಒಂದು ದಿನ, "ಆ ಚಪ್ಪಡಿ ತೆಗ್ಸಿ ಸಿಮೆಂಟ್ ಆಕ್ಸೋಣ ಅಂತ ಪಂಚಾಯ್ತೀಲಿ ಏಳಿದ್ದೀನಕ್ಕ," ಎಂದ.

"ಆಕ್ಸಣ್ಣ. ಅಲ್ಲೀ ಗಂಟ ನಾನು ನೋಡ್ಕೋತೀನಿ."

ಇನ್ನೂ ಹಾಕಿಸಿಲ್ಲ. ಬೆಳಗ್ಗೆ ಆರೂಕಾಲಿಗೆ ಅವಳು ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಬೂದಿ ತುಂಬಿದ ತಂಬಿಗೆ, ಕಂಕುಳಲ್ಲಿ ಮೋಟು ಪೊರಕೆ ಇಟ್ಟುಕೊಂಡು ಹೊರಡುತ್ತಾಳೆ. ಮೋರಿಯ ಹತ್ತಿರ ಕ್ಯಾನು ಕೆಳಗಿಡುತ್ತಾಳೆ. ಸೀರೆಯನ್ನು ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಚಪ್ಪಡಿಗೆ ಬೂದಿ ಉದುರಿಸಿ, ಪಾಚಿ ಬಿಡುವವರೆಗೆ ಗಸಗಸ ತಿಕ್ಕುತ್ತಾಳೆ. ಡೈರಿಗೆ ಹೋಗುವವರು ಅವಳು ಮುಗಿಸುವವರೆಗೆ ಕ್ಯಾನು ಹಿಡಿದು ನಿಲ್ಲುತ್ತಾರೆ. ಖಾಲಿಯಾದ ತಂಬಿಗೆಯಲ್ಲಿ ಡೈರಿಯ ನೀರು ತಂದು ತೊಳೆದು, ಅಂಗೈಯಿಂದ ಒಮ್ಮೆ ಸವರಿ ಜಾರುತ್ತದೆಯೇ ಎಂದು ನೋಡಿ, ಅವಳು ಪಕ್ಕಕ್ಕೆ ಸರಿಯುತ್ತಾಳೆ.