ಆರಾಮ್ ಅದೀನ್ರಿ

ಇವತ್ತು ಬೆಳಿಗ್ಗೆ ವಿದ್ಯಾರಣ್ಯಪುರದ ನಮ್ಮ ಮನೆಯ ತಾರಸಿಯಲ್ಲಿ ದಿಂಬುಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಹಳೇ ಹತ್ತಿ ಕಾದಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ತಾಗಿದ್ದೇ ತಡ, ನಲವತ್ತು ವರ್ಷದ ಹಿಂದಿನ ಆಸ್ಪತ್ರೆಯ ವಾರ್ಡು ನೆನಪಾಯಿತು.

ಆಗ ನಾವು ಗದಗಿನ ಕಡೆಯಿಂದ ಬಂದು ಯಶವಂತಪುರದಲ್ಲಿ ಮನೆ ಮಾಡಿದ್ದೆವು. ಯಜಮಾನರು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವರ ಹೃದಯದ ಕವಾಟವನ್ನು ಕಿರಿದು ಮಾಡಿತ್ತಂತೆ. ನಾಲ್ಕು ಮೆಟ್ಟಿಲು ಹತ್ತಿದರೆ ಮೇಲುಸಿರು. ಕೊನೆಗೆ ಡಾಕ್ಟರು ಎಡಪಕ್ಕೆ ಕೊಯ್ದು ಕವಾಟ ಬಿಡಿಸಿ ಅಗಲ ಮಾಡಿದರು.

ಆಪರೇಷನ್ ಆದ ಮೇಲೆ ನೋವಿಗೆ ಕೊಡುವ ಸೂಜಿ ಅಫೀಮಿನ ಜಾತಿಯದು ಎಂದು ನೆರೆಮನೆಯವರು ನನ್ನ ಕಿವಿ ಊದಿದ್ದರು. ನಾನೋ ಮಹಾ ಬುದ್ಧಿವಂತೆ! ನರ್ಸ್ ನಸೀಮಾ ಅವರನ್ನು ಪರದೆಯಾಚೆ ಕರೆದು, "ಸಿಸ್ಟರ್, ಸೂಜಿ ಬ್ಯಾಡ್ರಿ, ಚಟ ಹತ್ತತೈತಿ. ನಮ್ಮವರು ಜೋಳದ ರೊಟ್ಟಿ ಉಂಡ ಮಂದಿ, ತಡಕೋತಾರ" ಎಂದೆ.

"ಅವರು ಕೇಳಿದ್ರೆ ಕೊಟ್ಟೇ ಕೊಡ್ತೀನಿ ಕಣಮ್ಮಾ" ಎಂದರು ಆರ್.ಟಿ. ನಗರದ ಆ ಹೆಣ್ಣುಮಗಳು.

ಯಜಮಾನರು ಸೂಜಿ ಕೇಳಲೇ ಇಲ್ಲ. ನಮ್ಮ ಕಡೆ ಮನೆಗೆ ಬೆಂಕಿ ಬಿದ್ದಿದ್ದರೂ, ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಮೊದಲು ಬರುವ ಉತ್ತರ ಒಂದೇ. ಡಾಕ್ಟರು ರೌಂಡ್ಸಿಗೆ ಬಂದು ಕೇಳಿದಾಗಲೆಲ್ಲ ಯಜಮಾನರು, "ಆರಾಮ್ ಅದೀನ್ರಿ" ಎನ್ನುವುದು, ನಾನು ಪಕ್ಕದಲ್ಲಿ ಹೆಮ್ಮೆಯಿಂದ ತಲೆ ಆಡಿಸುವುದು. ಎಂಥ ಜೋಡಿ ನೋಡಿ!

ಮೂರನೆಯ ದಿನ ಜ್ವರ ಬಂತು. ಕೆಮ್ಮದೆ ಕಫ ಒಳಗೇ ಕಟ್ಟಿಕೊಂಡಿದೆ, ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಕಷ್ಟ ಎಂದರು ಡಾಕ್ಟರು. ನಾನು ಓಡಿಹೋಗಿ ನಸೀಮಾ ಅವರನ್ನು ಕರೆತಂದೆ.

ನಸೀಮಾ ಹೇಗಿದ್ದೀರಿ ಎಂದು ಕೇಳಲಿಲ್ಲ. "ಎಲ್ಲಿ, ಒಂದ್ಸಲ ಕೆಮ್ಮಿ ಸರ್" ಎಂದರು. ಯಜಮಾನರು ಮಂಚದ ಕಬ್ಬಿಣದ ಸರಳು ಹಿಡಿದು ಬಾಯಿ ತೆರೆದರು. ಕೆಮ್ಮು ಬರಲಿಲ್ಲ, ಕಣ್ಣೀರು ಬಂತು.

"ಇದು ಆರಾಮಾ ಸರ್?" ಎಂದು ಆಕೆ ನನ್ನ ಕಡೆ ತಿರುಗಿದರು. "ನೋವು ಕಮ್ಮಿಯಾದ್ರೆ ತಾನೇ ಅಮ್ಮಾ ಕೆಮ್ಮಕ್ಕಾಗೋದು? ಹೇಳ್ದಷ್ಟು ದಿನ ಕೊಟ್ರೆ ಯಾವ ಚಟಾನೂ ಹತ್ತಲ್ಲ."

ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒಂದು ದಿಂಬು ಮಡಚಿ ಗಾಯದ ಮೇಲೆ ಇಟ್ಟರು. ಅದರ ಮೇಲೆ ಯಜಮಾನರ ಕೈ, ಅವರ ಕೈ ಮೇಲೆ ನನ್ನದು. "ಒತ್ತಿ ಹಿಡ್ಕೊಳ್ಳಿ. ಈಗ ಕೆಮ್ಮಿ."

ಕೆಮ್ಮಿದರು. ಗಂಡ ಕ್ಯಾಕರಿಸಿದ್ದಕ್ಕೆ ದೇವರಿಗೆ ಕೈಮುಗಿದ ಹೆಂಗಸು ಬಹುಶಃ ನಾನೊಬ್ಬಳೇ ಇರಬೇಕು. ನಾಲ್ಕು ದಿನದಲ್ಲಿ ಜ್ವರ ಇಳಿಯಿತು, ಆದರೆ ಪರದೆಯಾಚೆ ನಾನು ಆಡಿದ ಮಾತನ್ನು ಅವರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಇವತ್ತು ಅವರು ಚಹಾ ಹಿಡಿದು ತಾರಸಿಗೆ ಬಂದಾಗ ತಡೆಯಲಾಗಲಿಲ್ಲ. "ನೋಡ್ರಿ, ಅವತ್ತು ಸೂಜಿ ಬ್ಯಾಡ ಅಂದಾಕಿ ನಾನಽ."

"ಗೊತ್ತೈತಿ" ಎಂದರು. "ಪರದೆ ಆಚೀಕ ನಿಂತು ಹೇಳಿದ್ರ ಕೇಳಸೂದಿಲ್ಲೇನು? ನಾ ತಡಕೋತೀನಂತ ಅಷ್ಟು ಹೆಮ್ಮೀಲೆ ಹೇಳಿದ್ದಿ. ನಿನ್ನ ಮಾತು ಸುಳ್ಳು ಮಾಡ್ಲೇನು?"

"ಹುಚ್ಚು ಮನಿಷಾ!" ಎಂದು ಬೈದೆ. ಬೈಯುತ್ತ ಬೈಯುತ್ತ ಅಳು ಬಂತು. "ಈಗರ ಖರೇ ಹೇಳ್ರಿ, ನೋವು ಎಷ್ಟಿತ್ತು?"

ಅವರು ಲೋಟ ಕೆಳಗಿಟ್ಟರು.

"ಭಾಳ ಇತ್ತು" ಎಂದರು.