ಜಂಗಲ್ ಹತ್ತದ ಕಾರು

ನಿಮ್ಮ ಕಾಲು ತಪ್ಪಿರಲಿಲ್ಲ, ಇಸ್ಮಾಯಿಲ್ ಸಾಹೇಬರೇ. ಆ ದಿನ ಹೊಳೆಯ ದಡದ ಕಾಸರಕೋಡಿನ ಇಳಿಜಾರಿನಲ್ಲಿ ನೀವು ಬ್ರೇಕನ್ನೇ ಒತ್ತಿದ್ದಿರಿ. ಬ್ರೇಕು ಹಿಡಿಯಲಿಲ್ಲ. ಒಂದು ದಿನ ಅದು ಹಿಡಿಯದೇ ಹೋಗಬಹುದು ಎಂಬುದು ಭಟ್ಕಳದಿಂದ ಕುಮಟೆಯವರೆಗೆ ಒಬ್ಬನಿಗೆ ಮಾತ್ರ ಗೊತ್ತಿತ್ತು, ಅವನು ನಾನು. ನಿಮ್ಮ ತಂದೆಯವರು ಶರಾವತಿಯಲ್ಲಿ ಮುಳುಗಿದ್ದು ನಿಮ್ಮಿಂದಲ್ಲ, ನನ್ನಿಂದ.

ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಕುಮಟೆಯ ಮಾಬ್ಲೇಶ್ವರ ಹೆಗಡೆ ವಕೀಲನೆಂದರೆ ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿ ಬಿಡಿಸುವುದರಲ್ಲಿ ಗಟ್ಟಿಗ ಎಂದು ಜನ ಹೇಳುತ್ತಾರೆ. ನನ್ನ ಬಾಯಿ ಬಿಡಿಸುವವರು ಯಾರೂ ಸಿಗಲಿಲ್ಲ. ನೀವಂತೂ ಕೇಳಲೇ ಇಲ್ಲ — ಪ್ರತಿ ವರ್ಷ ಹಬ್ಬಕ್ಕೆ, ನಮ್ಮ ಮನೆಯಲ್ಲಿ ಮಾಂಸ ನಡೆಯುವುದಿಲ್ಲ ಎಂದು ನೆನಪಿಟ್ಟು, ಖರ್ಜೂರ ಕಳಿಸುತ್ತಿದ್ದಿರಿ. ಮಕ್ಕಳು ತಿನ್ನುತ್ತಿದ್ದರು. ನಾನು ಒಂದನ್ನೂ ಮುಟ್ಟಿಲ್ಲ.

ಆ ಕಾರು ನನ್ನ ಮಾವನದು, ಅಂದರೆ ನನ್ನ ತಾಯಿಯ ಅಣ್ಣನದು. ಅವರೂ ವಕೀಲರೇ. ಅವರ ಮನೆಯಲ್ಲಿದ್ದುಕೊಂಡೇ ನಾನು ಓದಿದ್ದು. ಕಡು ಹಸಿರು ಬಣ್ಣದ, ಎರಡೇ ಸೀಟಿನ, ತಲೆಯ ಮೇಲಿನ ಮಾಡನ್ನು ಮಡಚಿ ಹಿಂದಕ್ಕೆ ಹಾಕಬಹುದಾದ ವಿಲಾಯತಿ ಕಾರು. ಮುಂಬಯಿಯಲ್ಲಿ ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡು ಘಟ್ಟದ ದಾರಿಯಲ್ಲಿ ತಂದಿದ್ದರು. ಮಾವನಿಗೆ ಮಕ್ಕಳಿಲ್ಲ. ಅತ್ತೆಯೇ ನಗುತ್ತ ಹೇಳುತ್ತಿದ್ದರು, ಇವರಿಗೆ ನನ್ನ ತಲೆನೋವಿಗಿಂತ ಅದರ ಕೆಮ್ಮು ಹೆಚ್ಚು ಎಂದು. ಚರ್ಮದ ಸೀಟಿಗೆ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಚ್ಚಬೇಕು. ಅತ್ತೆಯ ಹಳೆಯ ನೂಲಿನ ಸೀರೆಯಿಂದಲೇ ಮೈ ಒರೆಸಬೇಕು, ಬೇರೆ ಬಟ್ಟೆ ತಾಗಿಸಿದರೆ ಗೀರು ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಅದನ್ನು ಕುಮಟೆ ಮತ್ತು ಹೊನ್ನಾವರದ ನಡುವೆ ಮಾತ್ರ ಓಡಿಸಬೇಕು. ಉತ್ತರಕ್ಕೆ ಅಘನಾಶಿನಿ, ದಕ್ಷಿಣಕ್ಕೆ ಶರಾವತಿ, ಎರಡಕ್ಕೂ ಆಗ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ಮೇಲೆ ಗಾಡಿ ಏರಿಸಿ ದಾಟಿಸಬೇಕು. ಹತ್ತುವಾಗ ಇಳಿಯುವಾಗ ಉಪ್ಪುನೀರು ಚಕ್ರಕ್ಕೂ ಹೊಟ್ಟೆಗೂ ರಾಚುತ್ತದೆ. ನಮ್ಮ ಕಡೆಯ ಬಸ್ಸು ಲಾರಿಗಳನ್ನೆಲ್ಲ ತಿಂದದ್ದು ಆ ನೀರೇ. ಮಾವನ ಕಾರು ಒಂದು ಸಲವೂ ಜಂಗಲ್ ಹತ್ತಲಿಲ್ಲ. ಅದು ಅವರ ಹೆಮ್ಮೆಯಾಗಿತ್ತು.

ಆ ಹೆಮ್ಮೆಯನ್ನು ಹಾಳು ಮಾಡಿದವನು ನಾನು.

ಮಾವನ ಕಣ್ಣಿಗೆ ಪೊರೆ ಬರತೊಡಗಿದಾಗ ನನಗೆ ಓಡಿಸಲು ಕಲಿಸಿದರು. ಪೇಟೆಯೊಳಗೆ ಮಾತ್ರ, ಅವರು ಪಕ್ಕದಲ್ಲಿ ಕೂತಿದ್ದರೆ ಮಾತ್ರ. ಒಮ್ಮೆ ಅವರು ಕಾರವಾರದ ಕೋರ್ಟಿಗೆ ಬಸ್ಸಿನಲ್ಲಿ ಹೋದರು. ಬೆಳಿಗ್ಗೆ ನಾನು ಕಾರನ್ನು ಹತ್ತಿರದ ಬಾಡ ಎಂಬ ಊರಿನ ಸಮುದ್ರ ದಂಡೆಗೆ ಒಯ್ದೆ. ಯಾರಿಗೆ ತೋರಿಸಲು ಎಂದು ಕೇಳಬೇಡಿ, ಅಲ್ಲಿ ಯಾರೂ ಇರಲಿಲ್ಲ. ನೀರು ಇಳಿದು ಮರಳು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಓಡಿಸಿದೆ. ಮಾಡು ಮಡಚಿ, ಗಾಳಿಗೆ ಅಂಗಿಯೆಲ್ಲ ಉಬ್ಬಿ — ಅಷ್ಟು ಸುಖ ಆಮೇಲೆ ನನಗೆ ಯಾವುದರಲ್ಲೂ ಸಿಕ್ಕಿಲ್ಲ ಎಂದರೆ ನೀವು ಉಗಿಯಬಹುದು, ಆದರೆ ಅದು ನಿಜ. ತಿರುಗಿಸುವಾಗ ಹಿಂದಿನ ಚಕ್ರ ಹಸಿ ಮರಳಿನಲ್ಲಿ ಹೂತಿತು. ಎಷ್ಟು ರೊಯ್ಯೆನಿಸಿದರೂ ಮೇಲೆ ಬರಲಿಲ್ಲ. ಅಷ್ಟರಲ್ಲಿ ಇಳಿದಿದ್ದ ನೀರಿಗೆ ಮತ್ತೆ ಭರತ ಏರಿತು. ಸೀಟಿನವರೆಗೆ ಸಮುದ್ರ ಬಂತು.

ಬಲೆ ಎಳೆಯಲು ಬಂದ ಹರಿಕಂತರು ಹಗ್ಗ ಕಟ್ಟಿ ಎಳೆದು ಹಾಕಿದರು. ಅವರಲ್ಲೊಬ್ಬ ಮುದುಕಿ ನನ್ನ ಮುಖ ನೋಡಿ, "ಸೀ ನೀರಲ್ಲಿ ತೊಳಿ ಮಗಾ, ಬೇಗ ತೊಳಿ. ಉಪ್ಪು ಒಳಗೆ ಕೂತ್ರೆ ಬಿಡೂದಿಲ್ಲ," ಎಂದಳು.

ತೊಳೆದೆ. ಮಾವ ಬರುವ ತನಕ ಬಾವಿಯ ಸಿಹಿನೀರು ಸೇದಿ ಸೇದಿ ಅಂಗೈ ಸುಲಿದು ಹೋಯಿತು. ಸೀಟು ಬಿಚ್ಚಿ ಒಣಗಿಸಿದೆ, ಎಣ್ಣೆ ಹಚ್ಚಿದೆ. ಅತ್ತೆಗೆ ಎಲ್ಲ ಗೊತ್ತಾಗಿರಬೇಕು. ನನ್ನ ಕೈಗೆ ಅರಿಶಿನ ಹಚ್ಚಿದರು. ಮಾವ ಬಂದವರು ಕಾರನ್ನು ನೋಡಿ, "ಭಾರೀ ಚಂದ ತೊಳದ್ದೆ," ಎಂದು ಬೆನ್ನು ತಟ್ಟಿದರು.

ಅಲ್ಲಿಗೇ ಮುಗಿದಿದ್ದರೆ — ಮುಗಿಯಲಿಲ್ಲ. ಕಣ್ಣು ಮತ್ತಷ್ಟು ಮಂಜಾದಾಗ ಮಾವ ಕಾರು ಮಾರಲು ನಿರ್ಧರಿಸಿದರು. ಹೊಟ್ಟೆಯಡಿ ತೊಳೆದು ಕಪ್ಪು ಬಣ್ಣ ಬಳಿಯಲು ನನಗೆ ಹೇಳಿದರು. ಚಾಪೆ ಹಾಸಿ ಕಾರಿನಡಿ ಮಲಗಿದೆ. ಬ್ರೇಕಿನ ಎಣ್ಣೆ ಹರಿಯುವ ತೆಳು ಪೈಪೊಂದು ಹಿಂದಿನ ಚಕ್ರದ ಕಡೆಗೆ ಹೋಗುತ್ತದೆ. ಒಂದು ಕಡೆ ಅದನ್ನು ತಗಡಿನ ಪಟ್ಟಿಯಿಂದ ಹಿಡಿಸಿರುತ್ತಾರೆ. ಆ ಪಟ್ಟಿಯಡಿಗೆ ನನ್ನ ಸೀ ನೀರು ಹೋಗಿರಲಿಲ್ಲ. ಅಲ್ಲಿ ಪೈಪು ತುಕ್ಕು ಹಿಡಿದು ಕಂದಾಗಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು.

ಸಣ್ಣ ಕೆಲಸ. ಹೊನ್ನಾವರದ ಮೇಸ್ತ್ರಿಗೆ ಹೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಬೇರೆ ಪೈಪು ಹಾಕಿಬಿಡುತ್ತಿದ್ದ. ಆದರೆ ಅವನು ಕೇಳುತ್ತಿದ್ದ, ಜಂಗಲ್ ಹತ್ತದ ಗಾಡಿಗೆ ಉಪ್ಪು ಎಲ್ಲಿಂದ ಬಂತು ಎಂದು. ಮಾವನ ಮುಂದೆಯೇ ಕೇಳುತ್ತಿದ್ದ. ನಾನು ಅದರ ಮೇಲೆ ಕಪ್ಪು ಬಣ್ಣ ಬಳಿದೆ. ಒಂದರ ಮೇಲೊಂದು ಎರಡು ಕೈ ಬಳಿದೆ.

ಆಮೇಲೆ ನೀವು ಬಂದಿರಿ. ಮದರಾಸಿನ ಬಟ್ಟೆ ಅಂಗಡಿಯಿಂದ ರಜೆಗೆ ನಿಮ್ಮ ಊರು ಭಟ್ಕಳಕ್ಕೆ ಬಂದಿದ್ದಿರಿ, ನನಗಿಂತ ಸ್ವಲ್ಪ ದೊಡ್ಡವರು, ಬಿಳಿ ಪೈಜಾಮ, ಅತ್ತರಿನ ವಾಸನೆ. ಮಾವನಿಗೆ ನಿಮ್ಮನ್ನು ಕಂಡ ಕೂಡಲೇ ಇಷ್ಟವಾಯಿತು, ಏಕೆಂದರೆ ನೀವು ಮೊದಲು ಬೆಲೆ ಕೇಳಲಿಲ್ಲ, ಅದರ ಹೆಸರು ಕೇಳಿದಿರಿ. ಅದಕ್ಕೆ ಹೆಸರು ಇರಲಿಲ್ಲ. ಕಾರಿನ ಸುತ್ತ ಬಂದಿರಿ, ಬಾಗಿಲು ತೆರೆದಿರಿ, ಕಾಲಡಿಯ ಚಾಪೆ ಎತ್ತಿ ತಗಡನ್ನು ಉಗುರಿನಿಂದ ಕೆರೆದು ಬೆರಳನ್ನು ನಾಲಿಗೆಗೆ ಹಚ್ಚಿಕೊಂಡಿರಿ. ಮಾವ ಬೆರಗಾದರು.

"ನಮ್ಮ ಬಂದರದಲ್ಲಿ ಹಳೇ ಇಂಜಿನ್ ತಕೊಳ್ಳೂದು ಹೀಂಗೇ ವಕೀಲ್ರೆ," ಎಂದಿರಿ ನೀವು. "ಕಣ್ಣಿಗೆ ಬಣ್ಣ ಬಳೀಬಹುದು, ನಾಲಿಗೆಗೆ ಬಳೀಲಿಕ್ಕಾಗ್ತದಾ? ಸಪ್ಪೆ ಉಂಟು. ಆದ್ರೂ ಕೇಳ್ತೆ, ಬೇಜಾರ ಮಾಡ್ಬೇಡಿ — ಉಪ್ಪುನೀರು ತಾಗಿತ್ತಾ?"

ಮಾವ ಗಟ್ಟಿಯಾಗಿ ನಕ್ಕರು. "ನನ್ನ ಗಾಡಿ ಜಂಗಲ್ ಹತ್ತಿದ್ದೇ ಇಲ್ಲ. ಸಂಶಯ ಇದ್ರೆ ನಮ್ಮ ಹುಡುಗನ್ನೇ ಕೇಳಿ, ತೊಳೆಯೂದು ಒರೆಸೂದು ಎಲ್ಲ ಅವನೇ." ನನ್ನ ಕಡೆ ತಿರುಗಿ ಮನೆಯ ಮಾತಿನಲ್ಲಿ ಕೇಳಿದರು, "ಹೇಳೋ ಮಾಬ್ಲ, ಉಪ್ಪುನೀರು ತಾಗಿದ್ದನೋ?"

"ಇಲ್ಲೆ ಮಾವ."

ಅಷ್ಟೇ. ಅಷ್ಟೇ ನಾನು ಹೇಳಿದ್ದು. ಮಾವನಿಗೆ ದುಡ್ಡು ಕೊಟ್ಟು ನೀವು ನನ್ನ ಕೈ ಕುಲುಕಿದಿರಿ. ಸುಲಿದು ಮಾಗಿದ ಆ ಅಂಗೈಯನ್ನು.

ಆ ವರ್ಷ ಮಳೆಗಾಲ ಮುಗಿದು ಜಂಗಲ್ ಮತ್ತೆ ಶುರುವಾದ ಮೇಲೆ ನಡೆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ, ತಪ್ಪಿಸಿಕೊಳ್ಳಬಾರದು. ಎರಡು ಸೀಟಿನ ಕಾರು ಸಂಸಾರಸ್ಥರಿಗಲ್ಲ ಎಂದು ಬೈಯುತ್ತಿದ್ದ ನಿಮ್ಮ ತಂದೆಯವರು, ಮೊಣಕಾಲು ನೋವಿಗೆ ಹೊನ್ನಾವರದ ಡಾಕ್ಟರರನ್ನು ಕಾಣಲು ಮೊದಲ ಬಾರಿ ಅದರಲ್ಲಿ ಕೂತರು. ಜಂಗಲ್ ಹತ್ತುವ ಮೊದಲು ಎಲ್ಲರೂ ಇಳಿದು ನಡೆಯುವುದು, ಓಡಿಸುವವನು ಮಾತ್ರ ಕೂತು ಏರಿಸುವುದು ಹೊಳೆಯ ಪದ್ಧತಿ. ಕಾಸರಕೋಡಿನ ದಡದಲ್ಲಿ ಜಂಗಲಿನವನು ಕೂಗಿ ಹೇಳಿದನಂತೆ. ಅವರ ಮೊಣಕಾಲು ನೋಡಿ ನೀವು, "ಇಳಿಯೂದು ಬೇಡ, ಕೂತ್ಕೊಳ್ಳಿ," ಎಂದಿರಿ. ಇಳಿಜಾರು. ನೀವು ಬ್ರೇಕ್ ಒತ್ತಿದಿರಿ, ಪೆಡಲು ತಳಕ್ಕೆ ಹೋಯಿತು. ಕೈಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಕಾರು ಹಲಗೆ ದಾಟಿ ಆಚೆಯ ಅಂಚಿನಿಂದ ಹೊಳೆಗೆ ಬಿತ್ತು. ನೀವು ಮೇಲೆ ಬಂದಿರಿ. ಅವರು ಬರಲಿಲ್ಲ.

ಬ್ರೇಕು ಹಿಡಿಯಲಿಲ್ಲ, ಬ್ರೇಕು ಹಿಡಿಯಲಿಲ್ಲ ಎಂದು ನೀವು ದಡದಲ್ಲಿ ಕೂಗುತ್ತಿದ್ದಿರಂತೆ. ಯಾರು ಕೇಳುತ್ತಾರೆ? ಕುಮಟೆ, ಭಟ್ಕಳ ಎರಡೂ ಪೇಟೆಗಳಲ್ಲಿ ಒಂದೇ ಮಾತು, ಮಗ ಜಂಬಕ್ಕೆ ಜೋರಾಗಿ ಇಳಿಸಿದ, ಅಪ್ಪನನ್ನು ನುಂಗಿಕೊಂಡ. ಮಾವನಿಗೆ ಕಾರಿನ ಬಗ್ಗೆ ಯಾರಾದರೂ ಮಾತಾಡಿದರೆ ತಡೆಯುತ್ತಿರಲಿಲ್ಲ. "ನನ್ನ ಗಾಡಿಯದು ಎಂತೂ ತಪ್ಪಿಲ್ಲ, ಹುಡುಗ ಗಾಬರಿಯಲ್ಲಿ ಬ್ರೇಕ್ ಬಿಟ್ಟು ಪಕ್ಕದ್ದು ಒತ್ತಿದ್ದಾನೆ," ಎಂದರು. ಅವರ ಮಾತಿಗೆ ಊರಲ್ಲಿ ತೂಕವಿತ್ತು. ವಿಚಾರಿಸಲು ಬಂದ ಪೊಲೀಸರೂ ಅದನ್ನೇ ಒಪ್ಪಿದರು.

ಹಗ್ಗ ಹಾಕಿ ಕಾರನ್ನು ದಡಕ್ಕೆ ಎಳೆದಿದ್ದಾರೆ, ಹೋಗಿ ನೋಡಿ ಬಾ ಎಂದು ಮಾವನೇ ನನ್ನನ್ನು ಕಳಿಸಿದರು. ಜನ ಊಟಕ್ಕೆ ಹೋದ ಹೊತ್ತು. ಕಾರಿನಡಿಗೆ ನುಸುಳಿದೆ. ಪೈಪು ಆ ಪಟ್ಟಿಯ ಹತ್ತಿರವೇ ಒಡೆದಿತ್ತು. ಎರಡು ದಿನದ ಹೊಳೆಯ ನೀರು ಹಾಗೆ ತಿನ್ನುವುದಿಲ್ಲ, ಅದು ಹಳೆಯ ತುಕ್ಕು. ನೋಡಿದವರಿಗೆ ಯಾರಿಗಾದರೂ ತಿಳಿಯುತ್ತಿತ್ತು, ನೀವು ಸುಳ್ಳು ಹೇಳಲಿಲ್ಲ ಎಂದು. ನಾನು ಆ ತುಂಡನ್ನು ಅಲ್ಲಾಡಿಸಿ ಮುರಿದು ಜೇಬಿಗೆ ಹಾಕಿಕೊಂಡೆ. ಮರಳಿನಲ್ಲಿ ಕಾರು ಹೂತದ್ದು ಹುಡುಗಾಟ ಎನ್ನಬಹುದು. ಬಣ್ಣ ಬಳಿದದ್ದಕ್ಕೆ ಹೆದರಿಕೆ ಎನ್ನಬಹುದು. ಇದಕ್ಕೆ ಏನೆನ್ನಬೇಕು, ನೀವೇ ಹೇಳಿ.

ನಂತರ ನಿಮ್ಮನ್ನು ಕಾಣಲು ಭಟ್ಕಳಕ್ಕೆ ಬಂದಿದ್ದೆ. ಹೇಳಿಬಿಡೋಣವೆಂದೇ ಬಂದಿದ್ದೆ — ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತೇನೋ. ನೀವು ಬಾಗಿಲಿಗೆ ಬಂದು ನನ್ನ ಕೈ ಹಿಡಿದಿರಿ. "ನಿಮ್ಮ ಮಾವನವರಿಗೆ ಹೇಳಿ ಹೆಗ್ಡೇರೆ, ಅವರ ಗಾಡಿ ಒಳ್ಳೇದಿತ್ತು. ಅವರು ಹೇಳಿದ್ದೇ ಸರಿ. ನನ್ನ ಕಾಲೇ ತಪ್ಪಿತು." ಅಷ್ಟು ದಿನಗಳಲ್ಲಿ ನೀವೂ ನಂಬಿಬಿಟ್ಟಿದ್ದಿರಿ. ನಾನು ಚಹಾ ಕುಡಿದೆ. ಬಸ್ಸು ಹತ್ತಿದೆ.

ಮಾವ ತಮ್ಮ ಕಾರಿಗೆ ಉಪ್ಪು ತಾಗಲಿಲ್ಲ ಎಂದು ನಂಬಿಕೊಂಡೇ ತೀರಿಕೊಂಡರು. ಅಲ್ಲಿಗಾದರೂ ಹೇಳಬಹುದಿತ್ತು, ತಡೆಯುವವರು ಯಾರಿದ್ದರು? ಮದುವೆ, ಮಕ್ಕಳು, ವಕೀಲಿಕೆ ಎಂದು ಒಂದೊಂದು ನೆವ. ಆ ತುಂಡು ಮಾತ್ರ ಮೇಜಿನ ಖಾನೆಯಲ್ಲಿ ಇದ್ದೇ ಇದೆ. ಖಾನೆ ಎಳೆದಾಗಲೆಲ್ಲ ಇವತ್ತಿಗೂ ಅದು ಉರುಳುವ ಸದ್ದು ಕೇಳುತ್ತದೆ.

ಹೋದ ತಿಂಗಳು ಮುರ್ಡೇಶ್ವರದಿಂದ ಬರುವ ಬಸ್ಸಿನಲ್ಲಿ ನೀವು ಸಿಕ್ಕಿದಿರಿ. ಪಕ್ಕದಲ್ಲಿ ಕೂರಿಸಿಕೊಂಡಿರಿ. ಮೊಮ್ಮಗ ಮೋಟರ್ ಸೈಕಲ್ ಬೇಕು ಎಂದು ಹಟ ಹಿಡಿದಿದ್ದಾನೆ, ಕೊಡಿಸಲಿಲ್ಲ ಎಂದಿರಿ. "ನಮ್ಮ ಮನೇಲಿ ಯಾರಿಗೂ ಗಾಡಿ ಕೊಡೂದಿಲ್ಲ ಹೆಗ್ಡೇರೆ. ನಮ್ಮ ಕಾಲು ನಂಬೂಕಾಗೂದಿಲ್ಲ." ನಗುತ್ತಲೇ ಹೇಳಿದಿರಿ. ಶರಾವತಿಯ ಸೇತುವೆ ಬಂತು. ಮುಂದೆ ಯಾವುದೋ ಲಾರಿ ನಿಂತಿತ್ತು, ಡ್ರೈವರ್ ಬ್ರೇಕ್ ಹಾಕಿದ. ಆಗ ಕಂಡೆ. ನಿಮ್ಮ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಬೆರಳು ಬಿಳಿಚುವ ಹಾಗೆ, ಬಸ್ಸು ನಿಂತ ಮೇಲೂ ಒತ್ತುತ್ತಲೇ ಇತ್ತು. ಮುಖದಲ್ಲಿ ಮಾತ್ರ ನಗು ಹಾಗೇ ಇತ್ತು, ನಿಮಗದು ಗೊತ್ತೇ ಇರಲಿಲ್ಲ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ನಾಳೆ ಮೊದಲ ಬಸ್ಸಿಗೆ ಈ ಕಾಗದವನ್ನೂ ಹಿಡಿದುಕೊಂಡು ಭಟ್ಕಳಕ್ಕೆ ಬರುತ್ತೇನೆ. ಇದೆಲ್ಲವನ್ನೂ ನಿಮ್ಮ ಮೊಮ್ಮಗನನ್ನೂ ಕೂರಿಸಿಕೊಂಡು, ಅವನಿಗೂ ಕೇಳುವ ಹಾಗೆ ಹೇಳುತ್ತೇನೆ. ಆಮೇಲೆ ಪೇಟೆಯಲ್ಲಿ ಯಾರಿಗೆ ಹೇಳಬೇಕೋ ನೀವೇ ಹೇಳಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಆ ಪೈಪಿನ ತುಂಡನ್ನು ನಿಮ್ಮ ಕೈಗೆ ಕೊಡುತ್ತೇನೆ. ಒಂದು ಬದಿಯಲ್ಲಿ ನನ್ನ ಕಪ್ಪು ಬಣ್ಣ ಇನ್ನೂ ಹಾಗೇ ಇದೆ. ಅದನ್ನು ಉಗುರಿನಿಂದ ಕೆರೆದು ನೋಡಿ, ಸಾಹೇಬರೇ. ನೋಡಿದ ಮೇಲೆ, ಇಷ್ಟು ವರ್ಷ ಬ್ರೇಕು ಒತ್ತುತ್ತಲೇ ಇರುವ ಆ ಕಾಲನ್ನು ಇನ್ನಾದರೂ ಎತ್ತಿ.