ಉಂಡಿಯ ಕೆಳಗೆ ನಿಂತವರನ್ನು ಏನೆಂದು ಕೂಗಲಿ

ಈ ವರ್ಷ ನಮ್ಮ ಹೊಲದಲ್ಲಿ ಜೋಳ ಇರಲಿಲ್ಲ. ಎಲ್ಲರಂತೆ ನಾವೂ ತೊಗರಿ, ಸೋಯಾ ಹಾಕಿದ್ದೆವು. ತೊಗರಿಯಿಂದ ಮನುಷ್ಯರಿಗೆ ಬೇಳೆ ಆಯಿತು, ಎಮ್ಮೆಗಳಿಗೆ ಏನಾಯಿತು? ಜೋಳದ ಒಣದಂಟಿನ ಕಣಕಿ ಇಲ್ಲದ ಮನೆಯಲ್ಲಿ ಬೇಸಿಗೆ ಬಂತೆಂದರೆ ಬೆಳಗಾಗೆದ್ದು ಎಮ್ಮೆಯ ಮುಖ ನೋಡಲು ಅಂಜಿಕೆ. ಅದಕ್ಕೆ ನಮ್ಮ ಮನೆಯವರು ಜೇವರ್ಗಿ ಕಡೆಯ ಕಾಲುವೆ ನೀರಿನ ಊರಿನಿಂದ ಭತ್ತದ ಹುಲ್ಲು ತರಿಸಿದರು. ಸಿಕ್ಕಿತಲ್ಲ, ಅದೇ ದೊಡ್ಡದು ಎಂದು ಶಿವನಿಗೆ ಕೈಮುಗಿದೆ.

ಹುಲ್ಲು ಸಡಿಲಾಗಿ ಬರಲಿಲ್ಲ. ಮಷೀನಿನಲ್ಲಿ ಸುತ್ತಿ, ಬಲೆ ಬಿಗಿದ ದೊಡ್ಡ ದೊಡ್ಡ ಉಂಡಿಗಳಾಗಿ ಬಂತು. ನಮ್ಮ ಸರಸಂಬಾದಲ್ಲಿ ಎಲ್ಲರೂ ಅದಕ್ಕೆ ಉಂಡಿ ಎಂದೇ ಅನ್ನುತ್ತಾರೆ, ಪಂಚಮಿಗೆ ಕಟ್ಟುವ ಉಂಡಿಯ ಹಾಗೆ. ಆದರೆ ಒಂದೊಂದೂ ನನ್ನ ಎದೆಮಟ್ಟ, ನಮ್ಮ ಪಡ್ಡೆ ಎಮ್ಮೆಯಷ್ಟು ಭಾರ. ಲಾರಿಯವರು ಹೊಲದ ದಂಡೆಯಲ್ಲಿ ಉರುಳಿಸಿ ಹೋದರು. ಅಲ್ಲಿ ತಲೆಯ ಮೇಲೆ ಕರೆಂಟಿನ ತಂತಿ ಹಾದಿದೆ, ಹುಲ್ಲನ್ನು ಹಾಗೆ ಬಿಡುವಂತಿರಲಿಲ್ಲ. ಕೊಟ್ಟಿಗೆಯ ಹಿಂದಿನ ಬಯಲಿಗೆ ಸಾಗಿಸಿ ಒಟ್ಟಬೇಕಿತ್ತು.

ಒಟ್ಟುವುದೆಂದರೆ ನಮ್ಮ ಮನೆಯವರು. ಅವರು ಒಟ್ಟಿದ ಕಣಕಿಯ ಬಣವಿಯೊಳಗೆ ಮಳೆಗಾಲದಲ್ಲೂ ಒಂದು ಹನಿ ಇಳಿಯುತ್ತಿರಲಿಲ್ಲ. ಊರಿನವರು ಕರೆದು ಒಟ್ಟಿಸಿಕೊಳ್ಳುತ್ತಿದ್ದರು. ಹೋದ ವರ್ಷ ಸೊಂಟದ ಮಣಿ ಸರಿದ ಮೇಲೆ ಆ ಮನುಷ್ಯ ತಿರುಗಬೇಕೆಂದರೆ ಎತ್ತಿನ ಗಾಡಿ ತಿರುಗಿದ ಹಾಗೆ, ಇಡೀ ಮೈ ತಿರುಗಬೇಕು. ಓಡುವ ಮಾತಂತೂ ಇಲ್ಲವೇ ಇಲ್ಲ. ನನ್ನ ಚಿಂತೆ ಅದೊಂದೇ ಆಗಿತ್ತು.

ಖಜೂರಿಯಿಂದ ಟ್ರ್ಯಾಕ್ಟರಿನ ಡ್ರೈವರೊಬ್ಬರು ಬಂದರು. ದೊಡ್ಡ ಮೀಸೆಯ, ಬಾಯಿಬಡುಕ ಹಿರಿಯರು. ಟ್ರ್ಯಾಕ್ಟರಿನ ಮುಂದೆ ಎತ್ತಿ ಇಳಿಸುವ ತೋಳು, ಅದರ ತುದಿಗೆ ಈಟಿಯಂಥ ಎರಡು ಸರಳು. ಸರಳನ್ನು ಉಂಡಿಯ ಹೊಟ್ಟೆಗೆ ಚುಚ್ಚಿ ಎತ್ತುವುದು. ಮುಂದೆ ಭಾರವಾಗಿ ಹಿಂದಿನ ಗಾಲಿ ಮೇಲೇಳಬಾರದೆಂದು ಹಿಂದೆ ರೋಟಾವೇಟರ್ ಕಟ್ಟಿಕೊಂಡೇ ಬಂದಿದ್ದರು. ನಾನು ಬಾನೆಟ್ಟಿಗೆ ವಿಭೂತಿ ಹಚ್ಚಿದೆ.

"ನನಗೂ ಹಚ್ಚರಿ ಅಕ್ಕಾರ, ಗಾಡಿಕಿಂತ ನಂದೇ ಬ್ರೇಕ್ ಸಡ್ಲ ಅದ," ಎಂದರು ಅವರು.

ಶುರುವಾಯಿತು. ಉಂಡಿಯನ್ನು ನೆಲಕ್ಕೆ ಸಮೀಪವಾಗಿ ಹಿಡಿದು, ನಿಧಾನವಾಗಿ ತಂದು, ಫರ್ಸಿ ಕಲ್ಲಿನ ಚೂರು ಹಾಸಿದ ನೆಲದ ಮೇಲೆ ಸಾಲಾಗಿ ಇಟ್ಟರು. ಸಾಲಿನ ಎರಡೂ ಕೊನೆಗೆ ನಮ್ಮ ಮನೆಯವರು ಕಲ್ಲು ಒತ್ತು ಕೊಟ್ಟರು. ಕಣಕಿ ಒಟ್ಟಿದಲ್ಲಿ ಕೂತಿರುತ್ತದೆ, ದುಂಡನೆಯದು ಉರುಳಬೇಕೆಂದೇ ಕಾಯುತ್ತಿರುತ್ತದೆ. ಮೊದಲನೇ ಸಾಲು ನೆಟ್ಟಗೆ ಮುಗಿಯಿತು. ಗಾಳಿಯೂ ನಿಂತಿತ್ತು. ಇಷ್ಟಾದರೂ ನಡೆಸಿದೆಯಲ್ಲ ತಂದೆ ಎಂದುಕೊಂಡೆ.

ಎರಡನೇ ಸಾಲಿಗೆ ಉಂಡಿಯನ್ನು ಮೊದಲ ಸಾಲಿನ ಮೇಲೆ ಎತ್ತಿಡಬೇಕು. ನಮ್ಮ ಮನೆಯವರು ಅದರ ಕೆಳಗೇ ನಿಂತು ಕೈಸನ್ನೆ ಮಾಡತೊಡಗಿದರು.

"ಅದರ ಕೆಳಗ ನಿಲ್ಲಬ್ಯಾಡ್ರಿ," ಎಂದೆ.

"ಬಣವಿ ಒಟ್ಟೂದು ನೀ ನನಗ ಕಲಿಸ್ತೀಯೇನಬೇ? ಹೋಗು, ಚಾ ಮಾಡ್ಕೊಂಡ್ ಬಾ."

ಚಹಾ ಮಾಡಿ ತಂದೆ. ಬರುವಾಗ ನೋಡುತ್ತೇನೆ, ಟ್ರ್ಯಾಕ್ಟರು ಉಂಡಿಯನ್ನು ತಲೆಯೆತ್ತರ ಹಿಡಿದು ಸಾಲಿನ ಹತ್ತಿರ ಬರುತ್ತಿದೆ, ಇವರು ಅದರ ಮುಂದೆಯೇ ಬಗ್ಗಿ ಒತ್ತುಗಲ್ಲು ಸರಿಪಡಿಸುತ್ತಿದ್ದಾರೆ. ಉಂಡಿ ಅಡ್ಡವಾಗಿ ಡ್ರೈವರಿಗೆ ಇವರು ಕಾಣುವಂತಿಲ್ಲ.

"ರೀ! ರೀ!" ಎಂದು ಕೂಗಿದೆ.

ಇವರು ತಿರುಗಲಿಲ್ಲ, ತಿರುಗಿದ್ದು ಡ್ರೈವರು. ನಮ್ಮ ಕಡೆ ಎಲ್ಲರೂ ರೀ ಅಲ್ಲವೇ? ಕತ್ತು ನನ್ನ ಕಡೆ ತಿರುಗಿತು, ಕೈ ಲಿವರಿನ ಮೇಲೆಯೇ ಇತ್ತು, ಅದೂ ಜೊತೆಗೆ ಸರಿದು ಸರಳಿನ ತುದಿ ಕೆಳಗೆ ಬಾಗಿತು.

"ಕರದ್ರೇನ್ರಿ ಅಕ್ಕಾರ? ಚಾ ಆಯ್ತೇನ್ರಿ?"

ಅವರ ಮಾತು ಮುಗಿಯುವುದರೊಳಗೆ ಉಂಡಿ ಸರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅಷ್ಟರಲ್ಲಿ ನಮ್ಮ ಮನೆಯವರು ಇನ್ನೊಂದು ಕಲ್ಲು ತರಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದರು. ಅವರ ಹೆಗಲಿನ ಟವೆಲ್ಲಿನ ತುದಿ ಉಂಡಿಯ ಕೆಳಗೆ ಸಿಕ್ಕಿತು. ಏನಾಯಿತೆಂದು ತಿಳಿಯದೆ ಅವರು ಟವೆಲ್ಲನ್ನು ಜಗ್ಗುತ್ತ ನಿಂತಿದ್ದರು.

ಡ್ರೈವರು ಎಂಜಿನ್ ಬಂದ್ ಮಾಡಿ ಇಳಿದರು. ನೀರು ಕೊಟ್ಟೆ. ನಾನು ನೆಲದ ಮೇಲೆ ಕೂತುಬಿಟ್ಟೆ. ಟವೆಲ್ಲು ಬಿಡಿಸಿಕೊಂಡ ಮೇಲೆ ನಮ್ಮ ಮನೆಯವರಿಗೆ ಸಿಟ್ಟು ಬಂತು.

"ಕೂಗೂದಿದ್ರ ನೆಟ್ಟಗ ಕೂಗಬೇಕು!"

"ಏನಂತ ಕೂಗ್ಲಿ? ಹೆಸರು ಹಿಡದು ಕರೀಲೇನ್ರಿ?"

ಆ ಹೆಸರನ್ನು ನಾನು ಮದುವೆಯ ದಿನ ಒಡಪಿನಲ್ಲಿ ಸೇರಿಸಿ, ಪ್ರಾಸ ಕಟ್ಟಿ ಹೇಳಿದ್ದೆ. ಆಮೇಲೆ ಹೇಳಿದ್ದಿಲ್ಲ. ದೇವರ ಮುಂದೆಯೂ ನಮ್ಮ ಮನೆಯವರು ಎಂದೇ ಬೇಡಿಕೊಳ್ಳುತ್ತೇನೆ, ಯಾರ ಮನೆಯವರೆಂದು ಅವನಿಗೆ ಗೊತ್ತಿದೆ.

"ಅಕ್ಕಾರ, ನೀವು ಒಡಪು ಹೇಳಿ ಮುಗಸೂತನ ಉಂಡಿ ಕೆಳಗ ಬಂದಿರ್ತದ್ರಿ," ಎಂದರು ಡ್ರೈವರು. ಮೂವರಿಗೂ ನಗು ಬಂತು. ನಗುತ್ತಲೇ ನನಗೆ ಅಳುವೂ ಬಂತು, ಸೆರಗಿನಿಂದ ಒರೆಸಿಕೊಂಡೆ.

ಚಹಾ ಆರಿ ಹೋಗಿತ್ತು, ಅದನ್ನೇ ಕುಡಿದರು. ಕುಡಿದು ಡ್ರೈವರು ಹೇಳಿದರು: "ತಪ್ಪು ನಂದೇರಿ, ಕೈ ಲಿವರಿನ ಮ್ಯಾಲ ಇದ್ದಾಗ ಕಣ್ಣು ಬ್ಯಾರೆ ಕಡೆ ಹೋಗಬಾರದು. ಆದ್ರ ಸಾವ್ಕಾರ್ರ, ಉಂಡಿ ಮ್ಯಾಲ ಇದ್ದಾಗ ನೀವು ಬಿಲ್ಕುಲ್ ಮುಂದ ಬರಬಾರದು. ಬಂದ್ರ ನಾ ಗಾಡಿ ತಗೊಂಡು ಹೋಗ್ತೇನಿ ನೋಡ್ರಿ."

"ಮತ್ತ ಸಾಲು ನೆಟ್ಟಗ ಬರೂದು ಹ್ಯಾಂಗ?"

"ಸೊಟ್ಟ ಬರ್ಲಿ. ಎಮ್ಮಿ ಏನು ಟೇಪ್ ಹಿಡೀತದೇನ್ರಿ?"

ನಾನು ಒಳಗೆ ಹೋಗಿ ಹಿತ್ತಾಳೆಯ ತಾಟು, ಸೌಟು ತಂದೆ. "ಇದು ಬಡದ್ರ ಇಬ್ರೂ ನಿಲ್ಲಬೇಕು," ಎಂದೆ. ಡ್ರೈವರು ಎರಡೂ ಕೈ ಜೋಡಿಸಿದರು. ನಮ್ಮ ಮನೆಯವರು ನನ್ನ ಪಕ್ಕ ಬಂದು ನಿಂತರು.

ಬಿದ್ದ ಉಂಡಿಯನ್ನು ಮತ್ತೆ ಚುಚ್ಚಿ, ಸರಳಿನ ತುದಿ ಸ್ವಲ್ಪ ಮೇಲ್ಮುಖ ಮಾಡಿ ಎತ್ತಿದರು. ಅದು ಎರಡು ಉಂಡಿಗಳ ನಡುವಿನ ತಗ್ಗಿನಲ್ಲಿ ಹೋಗಿ ಕೂತಿತು. ಮುಂದಿನದು ಬಂತು. ಅದು ಒಂದು ಗೇಣು ಹೊರಗೆ ಬಂದಂತೆ ಕಂಡದ್ದೇ ತಡ, ಇವರ ಕಾಲು ತಡೆಯಲಿಲ್ಲ. ಕೈ ಎತ್ತಿಕೊಂಡು ಹೊರಟೇಬಿಟ್ಟರು. ನಾನು ತಾಟು ಬಡಿದೆ. ಕೊಟ್ಟಿಗೆಯಲ್ಲಿ ಎಮ್ಮೆಗಳು ಬೆದರಿದವು. ಟ್ರ್ಯಾಕ್ಟರು ನಿಂತಿತು, ತೋಳು ಮೆಲ್ಲಗೆ ನೆಲಕ್ಕೆ ಇಳಿಯಿತು.

ಅವರೂ ನಿಂತರು. ಅಷ್ಟು ದೂರದಿಂದಲೂ ಬೆನ್ನು ನೋಡಿ ನನಗೆ ತಿಳಿಯಿತು. ಸಿಟ್ಟಿರಲಿಲ್ಲ, ಸಾಕಾಗಿತ್ತು. ಒಂದು ಆಯುಷ್ಯವೆಲ್ಲ ಕೈಯಿಂದ ಮುಟ್ಟಿ ಮಾಡಿದ ಕೆಲಸವನ್ನು ದೂರ ನಿಂತು ನೋಡು ಎಂದರೆ ಯಾರಿಗಾದರೂ ಹಗುರವಲ್ಲ. ನಾನು ಮತ್ತೆ ಬಡಿಯಲಿಲ್ಲ, ಕರೆಯಲೂ ಇಲ್ಲ. ಅವರೇ ಮೈ ತಿರುಗಿಸಿಕೊಂಡು, ಸಾವಕಾಶವಾಗಿ ನಡೆದು ಬಂದು, ನನ್ನ ಹೆಗಲು ಹಿಡಿದು ಪಕ್ಕದ ಕಲ್ಲಿನ ಮೇಲೆ ಕೂತರು.

"ಎಡಕ್ಕ ಒಂದಿಷ್ಟು ಸರೀಬೇಕು ಅಂತ ಹೇಳು ಅವರಿಗೆ," ಎಂದರು.

"ನೀವೇ ಹೇಳ್ರಿ. ಉಂಡಿ ಈಗ ಕೆಳಗ ಅದ."

ಕೂತಲ್ಲಿಂದಲೇ ಕೂಗಿ ಹೇಳಿದರು. ಆಮೇಲೆ ಪ್ರತಿಯೊಂದು ಉಂಡಿಗೂ ಹಾಗೆಯೇ. ಉಂಡಿ ನೆಲದಲ್ಲಿದ್ದಾಗ ಮಾತು, ಮೇಲೆದ್ದರೆ ಬಾಯಿ ಬಂದ್. ಕೊನೆಯ ಸಾಲು ಸ್ವಲ್ಪ ಸೊಟ್ಟವೇ ಆಯಿತು. ಅದನ್ನು ಅವರೂ ನೋಡಿದರು, ನಾನೂ ನೋಡಿದೆ.

ಟ್ರ್ಯಾಕ್ಟರು ಹೋದ ಮೇಲೆ ತಾಡಪತ್ರಿ ಹೊದಿಸುವುದು ಬಾಕಿ ಇತ್ತು. ಹಿಟ್ಟು ನಾದಬೇಕಿತ್ತು. ನಮ್ಮ ಮನೆಯವರು ಕಲ್ಲಿನ ಮೇಲಿಂದ ಕೈ ಚಾಚಿದರು. ಹಿಡಿದು ಎಬ್ಬಿಸಲು ನಾನೂ ಮೊಣಕಾಲ ಮೇಲೆ ಕೈಯೂರಬೇಕಾಯಿತು. ಇಬ್ಬರೂ "ಶಿವನೇ" ಎನ್ನುತ್ತ ಎದ್ದೆವು.